ಕಿವುಡಿ ಆಟ

ಬಾಗಿಲು ತೆರೆದಾಗಲೆಲ್ಲ ಒಳಗಿನಿಂದ ಆ ಸದ್ದು ಬರುತ್ತದೆ, ಟಿಣ್ ಟಿಣ್ ಟಿಣ್, ಮುಚ್ಚಿದರೆ ಇಲ್ಲ, ಇಗೋ ನರ್ಸ್ ಹೊರಗೆ ಬಂದಳು, ಮತ್ತೆ ಟಿಣ್ — ಅಂದರೆ ಯಂತ್ರ ನಡೆದಿದೆ, ಯಂತ್ರ ನಡೆದಿದೆ ಅಂದರೆ ಹುಡುಗಿಯ ಉಸಿರೂ ನಡೆದಿದೆ, ಅಷ್ಟು ಸಾಕು ಸದ್ಯಕ್ಕೆ, ಅಷ್ಟೇ ಸಾಕಪ್ಪಾ ದೇವರೇ, ಎಂದುಕೊಳ್ಳುತ್ತ ಭಾರತಿ ಬೆಂಚಿನ ಅಂಚಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಾಳೆ, ಬೆರಳಿಗೆ ಅಂಟಿದ ಸೀಮೆಸುಣ್ಣ ಇನ್ನೂ ಹೋಗಿಲ್ಲ, ಕೆಂಪು ಸೀಮೆಸುಣ್ಣ, ಸೆರಗಿಗೆ ಒರೆಸಿದರೆ ಸೆರಗೂ ಕೆಂಪಾಯಿತು, ಥೂ. ಯಾದಗಿರಿಯ ಈ ದೊಡ್ಡ ದವಾಖಾನೆಗೆ ಬಂದಾಗ ಬಿಸಿಲು ಮೆಟ್ಟಿಲ ಮೇಲಿತ್ತು, ಈಗ ಗೋಡೆ ಹತ್ತಿ ಕೂತಿದೆ. ಒಳಗೆ ಮಲಗಿರುವವಳು ಸಾಯಬಮ್ಮ, ಮೂರನೇ ತರಗತಿ, ಕುರಿಗಾರ ಅಯ್ಯಣ್ಣನ ಮಗಳು, ಭಾರತಿಯ ಹತ್ತಿರ ಫ್ರೆಂಚ್ ಕಲಿಯುವ ಹುಡುಗಿ. ಶಹಾಪುರದ ಶಾಲೆಯ ಹಿಂದೆ, ಹೊಸ ಕೋಣೆ ಕಟ್ಟಲು ಪೇರಿಸಿದ ಫರಸಿಕಲ್ಲಿನ ಸಂದಿಯಲ್ಲಿ, ಊಟದ ಬಿಡುವಿನಲ್ಲಿ ಹಾವು ಕಚ್ಚಿತ್ತು. ಅಲ್ಲಿಯ ದವಾಖಾನೆಯವರು ಹಾವಿನ ಇಂಜೆಕ್ಷನ್ ಹಾಕಿ, ಉಸಿರು ಕಡಿಮೆಯಾಗಾಕತ್ತದ, ಜಲ್ದಿ ಯಾದಗಿರಿಗೆ ನಡೀರಿ ಅಂದರು, ದಾರಿಯುದ್ದಕ್ಕೂ ಆಂಬುಲೆನ್ಸಿನವನು ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬಿದ, ಭಾರತಿ ಆ ಪುಟ್ಟ ಕಾಲನ್ನು ಹಿಡಿದುಕೊಂಡು ಕೂತಿದ್ದಳು, ಕಾಲು ತಣ್ಣಗಿತ್ತು. ಇಲ್ಲಿಯ ಡಾಕ್ಟರ್ ಕೈಗವಸು ಹಾಕಿಕೊಳ್ಳುತ್ತಲೇ ಕೇಳಿದರು, ಇನ್ನೊಂದು ಅರ್ಧ ತಾಸು ಮೊದ್ಲ ತಂದಿದ್ರ ಇಷ್ಟೆಲ್ಲಾ ಬೇಕಾಗ್ತಿರಲಿಲ್ರೀ ಮೇಡಂ, ಹುಡುಗಿ ಯಾರ ಮುಂದೂ ಹೇಳಿಲ್ಲೇನು? ಹೆಡ್‌ಮಾಸ್ಟರ್ ಶ್ರೀಮಂತ ಸರ್ ಅವರೇ ಮುಂದೆ ಬಂದರು, ಇಲ್ರೀ ಸರ್, ಯಾರ ಮುಂದೂ ಹೇಳಿಲ್ಲ, ಭಾಳ ಮೆತ್ತನ್ನ ಹುಡುಗಿ, ಬಾಯೇ ಬಿಡಂಗಿಲ್ಲ. ಭಾರತಿ ಆಗ ತನ್ನ ಚಪ್ಪಲಿ ನೋಡಿಕೊಂಡಳು.

ಬಾಯೇ ಬಿಡುವುದಿಲ್ಲ ಅಂತೆ. ಬಿಟ್ಟಿದ್ದಳಲ್ಲ, ಒಂದು ಸಲ ಅಲ್ಲ ಎರಡು ಸಲ ಅಲ್ಲ, ಆದರೆ ಭಾರತಿಗೆ ಕಿವಿ ಇರಲಿಲ್ಲ, ಇರಲಿಲ್ಲ ಅಂದರೆ ಇತ್ತು, ಇದ್ದ ಕಿವಿಗೆ ಬೆರಳು ಇಟ್ಟುಕೊಂಡಿದ್ದಳು, ಅದು ಅವಳ ಪಾಠದ ಪದ್ಧತಿ, ಬಲಗೈ ತೋರುಬೆರಳನ್ನು ಕಿವಿಗೆ ತಾಗಿಸಿ ತಲೆ ಅಲ್ಲಾಡಿಸುವುದು, ನನಗೆ ಕೇಳಿಸುತ್ತಿಲ್ಲ, ಕನ್ನಡದಲ್ಲಿ ಏನು ಅಂದರೂ ಈ ಪಿರಿಯಡ್ಡಿನಲ್ಲಿ ನನಗೆ ಕೇಳಿಸುವುದೇ ಇಲ್ಲ. ಮಕ್ಕಳು ಅದಕ್ಕೆ ಕಿವುಡಿ ಆಟ ಎಂದು ಹೆಸರಿಟ್ಟಿವೆ, ಫ್ರೆಂಚ್ ಪಿರಿಯಡ್ ಅನ್ನುವುದೇ ಇಲ್ಲ, ಏ ಈಗ ಕಿವುಡಿ ಆಟ ಅದ ಲೇ, ಎಂದು ಓಡಿ ಬರುತ್ತವೆ, ಬೇಕೆಂದೇ ಕನ್ನಡ ಮಾತಾಡಿ ಅವಳ ಬೆರಳು ಕಿವಿಗೆ ಏರುವುದನ್ನು ನೋಡಿ ಕೇಕೆ ಹಾಕುತ್ತವೆ. ಹೈದರಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಫ್ರೆಂಚ್ ಕಲಿತಾಗ ಅಲ್ಲಿಯ ಮೇಡಂ ಹೀಗೇ ಮಾಡುತ್ತಿದ್ದರು, ಒಮ್ಮೆ ಭಾರತಿಗೆ ಹೊಟ್ಟೆ ತೊಳಸಿ ಹೊರಗೆ ಹೋಗಬೇಕಾಗಿತ್ತು, ಕನ್ನಡ, ಹಿಂದಿ, ತೆಲುಗು ಎಲ್ಲದರಲ್ಲೂ ಕೇಳಿದಳು, ಮೇಡಂ ಕಿವಿ ಮುಟ್ಟಿಕೊಂಡು ನಗುತ್ತ ನಿಂತರು, ಕೊನೆಗೆ ಎಲ್ಲಿಂದಲೋ ಆ ಫ್ರೆಂಚ್ ವಾಕ್ಯ ಬಾಯಿಗೆ ಬಂತು, ಬಂದೇಬಿಟ್ಟಿತು, ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ನೋಡು, ಜರೂರತ್ತು ಬಿದ್ದಾಗ ಭಾಷೆ ತಾನಾಗಿ ಬರುತ್ತದೆ, ಅಂದಿದ್ದರು ಮೇಡಂ. ಖರೇ ಮಾತು ಮೇಡಂ, ಬಂತು, ಇವತ್ತೂ ಬಂತು, ನಿಮ್ಮ ಪದ್ಧತಿ ಸುಳ್ಳಾಗಲಿಲ್ಲ ನೋಡಿ, ಮೂರನೇ ತರಗತಿಯ ಹುಡುಗಿಗೂ ಬಂತು. ಎಕುತೇ, ಎಂದು ದಿನಾ ಕೂಗುವವಳು ತಾನೇ ಅಲ್ಲವೇ, ಕೇಳಿರಿ, ಎಕುತೇ ಮಕ್ಕಳೇ, ಕಿವಿಗೊಟ್ಟು ಕೇಳಿರಿ, ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ.

ಅಕ್ಕೋರ, ಜರಾ ನೀರು ಕುಡೀರಿ. ಮಾಳಮ್ಮ, ಸಾಯಬಮ್ಮನ ತಾಯಿ, ಬೆಂಚಿನ ಮೇಲೆ ಕೂರು ಅಂದರೂ ಕೂರದೆ ಕೆಳಗೆ ಗೋಡೆಗೆ ಒರಗಿ ಕೂತಿದ್ದಾಳೆ, ಸೀರೆಯ ಅಂಚಿಗೆ ಹಿಂಡಿನ ವಾಸನೆ, ಕೈಯಲ್ಲಿ ನೀರಿನ ಬಾಟಲಿ. ಆಗಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ ನೀವು, ನಿಮ್ಮ ಹೊಟ್ಟಿ ತಣ್ಣಗಿರ್ಲಿ, ನನ್ನ ಮಗಳನ್ನ ಮಡ್ಲಾಗ ಹಾಕ್ಕೊಂಡು ತಂದೀರಿ, ನೀವಿಲ್ಲಂದ್ರ ಏನಾಗ್ತಿತ್ತರೀ. ಬೈಯಬಾರದೇ ಈಕೆ, ಒಂದು ಕಪಾಳಕ್ಕೆ ಹೊಡೆಯಬಾರದೇ, ಇದು ಯಾವ ಶಿಕ್ಷೆ. ಭಾರತಿ ಬಾಟಲಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಮಾಳಮ್ಮ ಬೈಯುವುದು ಒಳಗೆ ಮಲಗಿದವಳನ್ನು, ಮೂಕಿ ನೋಡ್ರೀ ಅಕಿ, ಮೂಕಿ ಅಂದ್ರ ಮೂಕಿ, ಮುಳ್ಳು ನೆಟ್ಟ್ರೂ ಹೇಳಂಗಿಲ್ಲ, ಹಾವು ಕಡದ್ರ ಹೇಳಬಾರದೇನ್ರೀ, ಬಾಯಾಗ ಏನು ತುರುಕ್ಕೊಂಡಿದ್ಲು, ಮನಿಗೆ ಬರ್ಲಿ ಮಾಡ್ತೀನಿ ಅಕಿಗೆ, ಎಂದು ಬೈಯುತ್ತ ಬೈಯುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಮನೆಗೆ ಬರಲಿ, ಹೌದು ಬರಲಿ, ಬಂದರೆ ಸಾಕು. ಬೈಯಬೇಡ ಮಾಳಮ್ಮ, ಅವಳು ಹೇಳಿದ್ದಾಳೆ, ಎಂಬ ಮಾತು ನಾಲಿಗೆಯ ತನಕ ಬರುತ್ತದೆ, ತುಟಿಯ ಹಿಂದೆ ಕೂತುಬಿಡುತ್ತದೆ, ಎಷ್ಟು ಸಣ್ಣ ಮಾತು, ಹೇಳಿದ್ದಾಳೆ, ನನಗೇ ಹೇಳಿದ್ದಾಳೆ, ಎಲ್ಲವೂ ಕನ್ನಡದ ಪದಗಳೇ, ಭಾರತಿಗೆ ಹುಟ್ಟಿನಿಂದ ಗೊತ್ತಿರುವ ಪದಗಳು, ಆದರೂ ಬರುತ್ತಿಲ್ಲ.

ಮಧ್ಯಾಹ್ನ ಊಟದ ಬಿಡುವು ಮುಗಿದ ಗಂಟೆ ಹೊಡೆದಿತ್ತು. ಇವತ್ತು ಬಣ್ಣ ಮತ್ತು ಅಂಕಿ, ಪ್ರತಿ ಬೆಂಚಿಗೆ ಬಣ್ಣದ ಸೀಮೆಸುಣ್ಣದ ಚೂರು ಕೊಟ್ಟಿದ್ದಳು, ಪಾಟಿಯ ಮೇಲೆ ಚುಕ್ಕೆ ಇಡಿ, ಎಷ್ಟು ಚುಕ್ಕೆ, ಯಾವ ಬಣ್ಣ, ಎದ್ದು ನಿಂತು ಫ್ರೆಂಚಿನಲ್ಲಿ ಹೇಳಿ. ಹಿಂದಿನ ಗೋಡೆಯ ಹತ್ತಿರ ಶ್ರೀಮಂತ ಸರ್ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು, ಅಡ್ಮಿಷನ್ ಶುರು ಆಗ್ಯದ ಮೇಡಂ, ಒಂದು ಬೆಸ್ಟ್ ವಿಡಿಯೋ ಬೇಕು, ಬಸ್‌ಸ್ಟ್ಯಾಂಡಿನಾಗ ಬ್ಯಾನರ್ ಹಾಕೀವಿ, ಇನ್ನ ವಾಟ್ಸಾಪ್ ಗ್ರೂಪಿಗೆ ಹಾಕೋಣು, ಸುರಪುರದ ಮಂದೀನೂ ನೋಡಿ ಬರಬೇಕು ನಮ್ಮ ಶಾಲಿಗೆ. ಆಗ ಬಾಗಿಲಲ್ಲಿ ಸಾಯಬಮ್ಮ. ಬೂಟು ಕೈಯಲ್ಲಿ, ಬರಿಗಾಲು. ಟೀಚರ್, ಕಾಲಿಗಿ ಏನೋ ಚುಚ್ಚ್ಯದ್ರೀ. ಇಷ್ಟು ಸ್ಪಷ್ಟವಾಗಿ. ಬಾಯಿ ಬಿಡದ ಹುಡುಗಿ ಇಷ್ಟು ಸ್ಪಷ್ಟವಾಗಿ ಹೇಳಿದಳು, ಭಾರತಿಯ ಬೆರಳು ಕಿವಿಗೆ ಏರಿತು, ತಲೆ ಅಲ್ಲಾಡಿತು, ಕ್ಲಾಸು ಕೇಕೆ ಹಾಕಿತು, ಶ್ರೀಮಂತ ಸರ್ ಕೂಡ ನಕ್ಕರು, ಅವರು ನಗುವುದೇ ಅಪರೂಪ, ಅದನ್ನು ಕಂಡು ಭಾರತಿಗೆ ಹುರುಪು ಬಂತು, ಹೌದು, ಹುರುಪು, ಅದನ್ನೂ ಹೇಳಿಬಿಡಬೇಕು. ಉರಿಯಾಕತ್ತದ್ರೀ ಟೀಚರ್. ಮತ್ತೆ ಬೆರಳು, ಈ ಸಲ ಕಣ್ಣು ಅಗಲ ಮಾಡಿ, ನಾಟಕದವರ ಹಾಗೆ ಕಿವಿ ಮುಂದೆ ಚಾಚಿ, ಮತ್ತೆ ಕೇಕೆ. ಮುಳ್ಳು ಇರಬಹುದು ಅಂದುಕೊಂಡಳೇ? ಅಂದುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು, ಏನೂ ಅಂದುಕೊಳ್ಳಲಿಲ್ಲ, ಕೂತುಕೋ ಎಂದು ಬೆಂಚು ತೋರಿಸಿದಳು, ಅಷ್ಟೇ. ಹುಡುಗಿ ಹೋಗಿ ಕೂತಳು.

ಕೂತು ಹುಡುಕಿದಳು. ಭಾರತಿಗೆ ಈಗ ಗೊತ್ತು, ಕೂತು ಪದ ಹುಡುಕಿದಳು, ಪಕ್ಕದವಳ ಪಾಟಿ ನೋಡಿದಳು, ಹಲಗೆಯ ಕಡೆ ನೋಡಿದಳು, ಅಲ್ಲಿ ಹಾವು ಇರಲಿಲ್ಲ, ಕಚ್ಚಿತು ಇರಲಿಲ್ಲ, ಉರಿ ಇರಲಿಲ್ಲ, ಇದ್ದದ್ದು ಬರೀ ಅಂಕಿ ಮತ್ತು ಬಣ್ಣ, ಎಂಟು ವರ್ಷದ ಹುಡುಗಿ ಇದ್ದುದರಲ್ಲೇ ಆರಿಸಿಕೊಂಡಳು. ಎದ್ದು ನಿಂತಳು, ಯಾರೂ ಎಬ್ಬಿಸದೆ ಎದ್ದು ನಿಂತಳು, ಕಾಲು ಎತ್ತಿ ಬೆಂಚಿನ ಮೇಲೆ ಇಟ್ಟಳು, ಬೆರಳು ಚಾಚಿ ಕಾಲಿಗೆ ತೋರಿಸಿದಳು, ದ್ಯೂ, ಅಂದಳು, ರೂಜ್, ಅಂದಳು. ಎರಡು, ಕೆಂಪು. ಭಾರತಿ ನೋಡಿದಳು, ನೋಡಲಿಲ್ಲ ಎಂದರೆ ಸುಳ್ಳು, ಪಾದದ ಮೇಲೆ ಎರಡು ಕೆಂಪು ಚುಕ್ಕೆ ಕಂಡಳು, ಆಹಾ ಪೋರಿ, ಪಾಟಿ ಬಿಟ್ಟು ಕಾಲ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟುಕೊಂಡಿದ್ದಾಳೆ, ಎಂಥ ಚೂಟಿ, ವರ್ಷವಿಡೀ ತುಟಿ ಬಿಚ್ಚದವಳು ಇವತ್ತು ಬಿಚ್ಚಿದಳು, ತನ್ನ ಪದ್ಧತಿ ಗೆದ್ದಿತು. ತ್ರೇ ಬಿಯಾಂ! ಶಹಭಾಸ್ ಸಾಯಬಮ್ಮ, ತ್ರೇ ಬಿಯಾಂ! ಚಪ್ಪಾಳೆ ಎಂದು ತಾನೇ ಮೊದಲು ಕೈ ಎತ್ತಿದಳು, ನಲವತ್ತು ಮಕ್ಕಳು ಚಪ್ಪಾಳೆ ಹೊಡೆದರು, ಹುಡುಗಿ ಸುತ್ತಲೂ ನೋಡಿದಳು, ಮೊದಲು ತಿಳಿಯಲಿಲ್ಲ, ಆಮೇಲೆ ಮೆಲ್ಲಗೆ ನಕ್ಕಳು. ಯಾಕೆ ನಕ್ಕೆ ತಾಯೀ. ಎಲ್ಲರೂ ಕೇಳಿಸಿಕೊಂಡರು ಎಂದು ನಕ್ಕೆಯಾ, ಇನ್ನು ಟೀಚರ್ ನೋಡಿಕೊಳ್ಳುತ್ತಾಳೆ ಎಂದು ನಕ್ಕೆಯಾ. ಆಮೇಲೆ ಕೂತು ಬೆಂಚಿಗೆ ತಲೆ ಆನಿಸಿದಳು, ಪಕ್ಕದ ಹುಡುಗಿ, ಟೀಚರ್ ಇಕಿ ಮಲಗಾಕತ್ತಾಳ್ರೀ, ಎಂದದ್ದಕ್ಕೂ ಭಾರತಿ ಕಿವಿಯನ್ನೇ ಮುಟ್ಟಿಕೊಂಡಳು. ನಾಚಿಕೆ, ಇರಲಿ, ಮಲಗಲಿ ಎಂದುಕೊಂಡು ಹಸಿರಿಗೆ ಹೋದಳು, ಹಳದಿಗೆ ಹೋದಳು, ಶ್ರೀಮಂತ ಸರ್ ವಿಡಿಯೋ ಗ್ರೂಪಿಗೆ ಹಾಕಲು ಹೊರಟರು, ಪಾಠ ಚೆನ್ನಾಗಿ ನಡೆಯಿತು.

ಗಂಟೆಯಾದ ಮೇಲೆ ಎಲ್ಲರೂ ಎದ್ದರು, ಅವಳು ಏಳಲಿಲ್ಲ. ಆಯಾ ಪಾರ್ವತಿಬಾಯಿ ಬಂದು ಗಲ್ಲ ಹಿಡಿದು ಎತ್ತಿದರೆ ಕಣ್ಣೆವೆ ಅರ್ಧಕ್ಕೇ ನಿಂತಿತ್ತು, ಬಾಯಿಯ ಪಕ್ಕದಲ್ಲಿ ಜೊಲ್ಲು, ಅಯ್ಯ ಶಿವನೇ ಈ ಕಾಲು ನೋಡ್ರೀ ಮೇಡಂ, ಹಾವು ಕಡದದ್ರೀ ಇದು, ಎಂದು ಚೀರಿದಾಗ ಭಾರತಿ ಬೆರಳಿನಿಂದ ಆ ಚುಕ್ಕೆ ಒರೆಸಿ ನೋಡಿದಳು, ಹೋಗಲಿಲ್ಲ. ಕೊಡೇಕಲ್ ಬಸವಣ್ಣಾ, ನಡೆದುಕೊಂಡು ಬರ್ತೀನಪ್ಪಾ ನಿನ್ನ ಸನ್ನಿಧಿಗೆ, ಬರಿಗಾಲಲ್ಲಿ, ಈ ಒಂದು ಜೀವ ಉಳಿಸು, ಬೇಕಾದರೆ ನನ್ನ ಫ್ರೆಂಚ್ ಎಲ್ಲ ಕಿತ್ತುಕೋ, ಒಂದು ಅಕ್ಷರವೂ ಬೇಡ, ಮೀನಿನ ಬಲೆ ಹೆಣೆಯುತ್ತ ಅಪ್ಪನ ಹರಿಗೋಲಿನಲ್ಲಿ ಕೂತಿರುತ್ತೇನೆ. ಅಪ್ಪ ಅಂಬ್ರಪ್ಪ, ಕೃಷ್ಣೆಯಲ್ಲಿ ಮೀನು ಹಿಡಿಯುವವನು, ವಡಗೇರಾ ಸಂತೆಯಲ್ಲಿ ಮೀನು ಕೊಳ್ಳುವವರಿಗೆಲ್ಲ ಹೇಳುತ್ತಾನಂತೆ, ನಮ್ಮ ಭಾರತಿ ಪರದೇಶದ ಮಾತು ಕಲಿಸ್ತಾಳ್ರೀ, ಹೊಳಿಯಾಚಿ ಸೈತ ಅಂಥಾಕಿ ಇನ್ನೊಬ್ಬಾಕಿಲ್ಲ. ಅವನು ಈಗ ಫೋನ್ ಮಾಡಿದರೆ ಏನು ಹೇಳಲಿ. ಯಂತ್ರ ನಡೆದಿದೆಯೇ, ಬಾಗಿಲು ಯಾಕೆ ತೆರೆಯುತ್ತಿಲ್ಲ, ಯಾರಾದರೂ ತೆರೆಯಿರಿ, ಆ ಸದ್ದು ಒಂದು ಸಲ ಕೇಳಲಿ.

ಫೋನು ಹೊಡೆದುಕೊಂಡಿತು, ಅಪ್ಪನದಲ್ಲ, ಶ್ರೀಮಂತ ಸರ್ ಅವರದು, ಅವರು ಆಗಲೇ ಶಹಾಪುರಕ್ಕೆ ಮರಳಿದ್ದಾರೆ, ದನಿ ತಗ್ಗಿಸಿ ಮಾತಾಡುತ್ತಿದ್ದಾರೆ, ಮೇಡಂ, ಹುಡುಗಿ ಹ್ಯಾಂಗದಾಳ, ಛಲೋ ಆಗ್ತಾಳ ಬಿಡ್ರಿ, ಫಿಕರ್ ಮಾಡಬ್ಯಾಡ್ರಿ, ಒಂದು ಮಾತು ಕೇಳ್ರಿ, ಮಧ್ಯಾಹ್ನದ ವಿಡಿಯೋ ನಿಮಗೂ ಕಳಿಸಿದ್ನಲ್ಲ, ಅದನ್ನ ಡಿಲೀಟ್ ಮಾಡ್ರಿ ಜಲ್ದಿ, ನಾ ಗ್ರೂಪಿನಾಗಿಂದ ತಗದೀನಿ, ಈಗ ನೋಡ್ದೆ ಮೇಡಂ, ಅದರಾಗ ಕಾಲು ಕಾಣ್ತದ. ಬರೋಬ್ಬರಿ ಕಾಣ್ತದ್ರೀ, ನಾಳಿ ಮಂದಿ ನೋಡಿದ್ರ ನಿಮ್ಮನ್ನ ಬಿಡಂಗಿಲ್ಲ, ನಿಮ್ಮ ಸಲುವಾಗಿನೇ ಹೇಳಾಕತ್ತೇನಿ, ಹುಡುಗಿ ಯಾರ ಮುಂದೂ ಹೇಳಿಲ್ಲ, ಮುಗೀತು, ನೀವೂ ಹಂಗೇ ಅನ್ರಿ. ಹೂಂ ಎಂದಳೋ ಇಲ್ಲವೋ, ಫೋನಿನ ಬೆಳಕು ಆರಿತು. ಹೇಳಿಲ್ಲ, ಮುಗೀತು. ಎಷ್ಟು ಸಲೀಸು, ಒಂದು ಬೆರಳು ಒತ್ತಿದರೆ ಆಯಿತು, ಆ ಬೆರಳು ಮಧ್ಯಾಹ್ನ ಕಿವಿಗೆ ಹೋಗಿತ್ತು, ಈಗ ಇಲ್ಲಿಗೆ ಬರಲಿ, ಒಳಗೆ ಮಲಗಿದವಳು ಏಳದೇ ಹೋದರೆ — ಏಳುತ್ತಾಳೆ, ಏಳುತ್ತಾಳೆ ಅಂದೆನಲ್ಲ — ಏಳದೇ ಹೋದರೆ ಅವಳು ಹೇಳಿದ್ದಾಳೆ ಎಂಬುದಕ್ಕೆ ಲೋಕದಲ್ಲಿ ಇನ್ನೇನೂ ಉಳಿಯುವುದಿಲ್ಲ, ಮೂಕಿ ಎಂದೇ ಉಳಿಯುತ್ತಾಳೆ, ಅವ್ವನ ಬಾಯಲ್ಲಿ ಸಾಯುವ ತನಕ ಮೂಕಿ. ವಿಡಿಯೋ ತೆರೆಯಿತು, ಕೆಳಗೆ ಅಳಿಸುವ ಗುರುತು, ಪುಟ್ಟ ಕಸದ ಬುಟ್ಟಿ, ತೋರುಬೆರಳು ಅದರ ಮೇಲೆ ನಿಂತಿತು, ಕೆಂಪು ಸೀಮೆಸುಣ್ಣದ ತೋರುಬೆರಳು.

ನನ್ನ ಮಗಳದೇನ್ರೀ ಅದು? ಮಾಳಮ್ಮ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದು ಗೊತ್ತೇ ಆಗಲಿಲ್ಲ. ನಮ್ಮ ಓಣ್ಯಾಗಿನವ್ರು ಫೋನ್ ಮಾಡಿದ್ರು ಅಕ್ಕೋರ, ನಿನ್ನ ಮಗಳು ಮೊಬೈಲಿನಾಗ ಬಂದಾಳ, ಪರದೇಶದ ಮಾತು ಆಡ್ಯಾಳ, ಮಂದಿಯೆಲ್ಲಾ ಚಪ್ಪಾಳಿ ಹೊಡದಾರ ಅಂತ, ನಂದು ಗುಂಡಿ ಒತ್ತೋ ಫೋನು, ಅದರಾಗ ಬರಂಗಿಲ್ಲ, ಅಕಿ ಅಪ್ಪ ಹಿಂಡು ಹೊಡಕೊಂಡು ಆಚಿ ಸೀಮಿಗೆ ಹೋಗ್ಯಾನ, ಅವಂದು ಹತ್ತಂಗೇ ಇಲ್ಲ, ತೋರಸ್ರಿ, ಒಮ್ಮಿ ತೋರಸ್ರಿ, ಮಾತಾಡೋದು ನೋಡ್ತೀನಿ. ಇಲ್ಲ ಮಾಳಮ್ಮ ಅದು ಬೇರೆ, ನೆಟ್‌ವರ್ಕ್ ಇಲ್ಲ ಮಾಳಮ್ಮ, ಚಾರ್ಜ್ ಇಲ್ಲ ಮಾಳಮ್ಮ, ಈಗ ಬೇಡ ಮಾಳಮ್ಮ, ಎಷ್ಟು ಉತ್ತರ ಇದ್ದವು, ಎಲ್ಲವೂ ಸರಾಗ ಬಾಯಿಗೆ ಬಂದವು, ಬಂದದ್ದನ್ನೆಲ್ಲ ನುಂಗಿ ಭಾರತಿ ತೋರುಬೆರಳನ್ನು ಬುಟ್ಟಿಯಿಂದ ಸರಿಸಿ ವಿಡಿಯೋ ಒತ್ತಿದಳು, ಫೋನನ್ನು ಆ ತಾಯಿಯ ಎರಡೂ ಕೈಗೆ ಕೊಟ್ಟಳು. ಗದ್ದಲ, ನಗು, ಬಾಗಿಲಲ್ಲಿ ಹುಡುಗಿ ಹೇಳಿದ್ದು ಇದರಲ್ಲಿಲ್ಲ, ಶ್ರೀಮಂತ ಸರ್ ಅದನ್ನು ಕತ್ತರಿಸಿ ತೆಗೆದಿದ್ದಾರೆ, ನೇರವಾಗಿ ಸಾಯಬಮ್ಮ ಎದ್ದು ನಿಂತಲ್ಲಿಂದ ಶುರು. ಏ ನೋಡ್ರೀ, ಹ್ಯಾಂಗ ನಿಂತಾಳ, ಜಡಿ ಬಿಚ್ಚ್ಯದ ನೋಡ್ರೀ ಹುಚ್ಚುಪೋರಿದು, ಎಂದು ಮಾಳಮ್ಮ ಅಳುತ್ತ ನಗುತ್ತಾಳೆ. ಅಷ್ಟರಲ್ಲಿ ಆ ಪುಟ್ಟ ದನಿ, ದ್ಯೂ, ರೂಜ್, ಚಪ್ಪಾಳೆ, ತ್ರೇ ಬಿಯಾಂ, ಆ ಕಿರುಚುವ ಹೆಂಗಸು ಯಾರು, ತಾನೇ.

ದೂ ಅಂದ್ರ ಎರಡಲ್ಲೇನ್ರೀ ಅಕ್ಕೋರ, ಎಂದಳು ಮಾಳಮ್ಮ. ಅದು ನನಗ ಗೊತ್ತದ, ಸಂಜೀಕ ಮರಿ ದೊಡ್ಡಿಗಿ ಕೂಡುವಾಗ ಎಣಸ್ತಾಳ, ಅನ್ ದೂ ತ್ರುವಾ ಅಂತ, ಅಕಿ ಅಪ್ಪಗೂ ಕಲಿಸ್ಯಾಳ, ಇಬ್ಬರೂ ಕೂಡೇ ಎಣಸ್ತಾರ. ಎರಡು ಏನ್ರೀ? ಆಮ್ಯಾಲ ಇನ್ನೊಂದು ಅಂದ್ಲಲ್ಲ, ರೂಜ ಅಂತ, ರೂಜ ಅಂದ್ರೇನ್ರೀ? ಬಾಗಿಲು ತೆರೆಯಿತು, ಟಿಣ್, ಯಾರೋ ಒಳಗೆ ಹೋದರು, ಮುಚ್ಚಿತು. ಕೆಂಪು, ಎಂದಳು ಭಾರತಿ. ಬಂತು, ಇಷ್ಟು ಹೊತ್ತು ಬಾರದ ಮಾತು ಅದರ ಹಿಂದೆಯೇ ಬಂತು, ಕೆಂಪು ಅಂದಾಳ ಮಾಳಮ್ಮ, ಎರಡು ಕೆಂಪು ಅಂದಾಳ, ಅಕಿ ಮೂಕಿ ಅಲ್ಲ, ಅಕಿ ಹೇಳ್ಯಾಳ, ಮೊದ್ಲ ನಮ್ಮ ಮಾತಿನಾಗೂ ಹೇಳಿದ್ಲು, ಏನೋ ಚುಚ್ಚ್ಯದ, ಉರಿಯಾಕತ್ತದ ಅಂತ ಹೇಳಿದ್ಲು, ನಾನೇ ಕೇಳಲಿಲ್ಲ. ಮಾಳಮ್ಮ ಅವಳ ಮುಖ ನೋಡಲಿಲ್ಲ. ಎರಡು ಕೆಂಪು, ಎಂದು ತನ್ನೊಳಗೇ ಅಂದುಕೊಂಡಳು, ತುಟಿಯ ಮೇಲಿನ ನಗು ಇನ್ನೂ ಹೋಗಿರಲಿಲ್ಲ, ಎಲ್ಲಿಗೆ ಹೋಗಬೇಕು ಎಂದು ಅದಕ್ಕೆ ತಿಳಿದಿರಲಿಲ್ಲ. ಭಾರತಿ ಒತ್ತಿದ್ದನ್ನು ನೋಡಿ ಕಲಿತಂತೆ ತಾನೇ ಮತ್ತೆ ಒತ್ತಿದಳು, ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು, ಸಾಯಬಮ್ಮ ಎದ್ದು ನಿಲ್ಲುತ್ತಾಳೆ, ಕಾಲು ಬೆಂಚಿನ ಮೇಲೆ ಬರುತ್ತದೆ, ಬೆರಳು ಇಳಿಯುತ್ತದೆ, ದ್ಯೂ — ಮಾಳಮ್ಮನ ಬೆರಳೂ ಗಾಜಿನ ಮೇಲೆ ಅದೇ ಜಾಗಕ್ಕೆ ಇಳಿಯಿತು, ತಾಗಿದ್ದೇ ತಡ ವಿಡಿಯೋ ನಿಂತಿತು, ಚಪ್ಪಾಳೆ ಬರಲಿಲ್ಲ, ನಗು ಬರಲಿಲ್ಲ, ಬೆಂಚಿನ ಮೇಲೆ ಆ ಕಾಲು ಹಾಗೇ ನಿಂತಿದೆ, ಬರಿಗಾಲು, ಧೂಳಿನ ಕಾಲು, ಎರಡು, ಕೆಂಪು, ಎರಡು